ಬೀಗದಕೈ ಗೊಂಚಲಿನ ಬಿಲ್ಲೆ

ಅಪ್ಪಾ,

ನೀನು ತೀರಿಹೋಗಿ ತಿಂಗಳಾಯಿತು. ಇವತ್ತು ನಿನ್ನ ಗೆಳೆಯ, ಆ ಬಸ್ ಡ್ರೈವರ್, ನೀನು ನಂಬರ್ ಕೊರೆಸಿ, ನಿನ್ನ ಹೆಸರಲ್ಲಿ ನೋಂದಾಯಿಸಿ, ನನಗೆಂದು ಕಳಿಸಿದ್ದ ಹಿತ್ತಾಳೆ ಬಿಲ್ಲೆ ಹುಡುಕಿಕೊಂಡು ಬಂದಿದ್ದರು. ಊರೂರಲ್ಲಿ ಡಬ್ಬಿ ಬಚ್ಚಿಟ್ಟು ಹುಡುಕೋ ನಿಮ್ಮ ಹುಚ್ಚರ ಗುಂಪಿನವರೇ. ಹದಿನಾಲ್ಕು ಜನ ಡಬ್ಬಿಯಿಂದ ಡಬ್ಬಿಗೆ ಸಾಗಿಸಿದ ಬಿಲ್ಲೆಯನ್ನು ಕೊನೆಗೆ ನಮ್ಮೂರ ಲೈಬ್ರರಿ ಹಿಂದಿನ ಡಬ್ಬಿಗೆ ಹಾಕಿದ್ದು ಅವರಂತೆ.

"ಆಮೇಲೆ ಸುದ್ದಿನೇ ಇಲ್ಲಮ್ಮ. ಮಗಳ ಕೈಗೆ ಸೇರ್ತಾ ಅಂತ ನಿಮ್ಮಪ್ಪ ದಿನಾ ಕೇಳೋರು. ಯಾವ ಪುಣ್ಯಾತ್ಮ ಎತ್ತಿಟ್ಕೊಂಡ್ನೋ!"

ನಾನು ಬೀಗದಕೈ ಗೊಂಚಲನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಆ ಡಬ್ಬಿಯಿಂದ ನಾನೇ ತೆಗೆದುಕೊಂಡ ಬಿಲ್ಲೆ ಎರಡು ವರ್ಷದಿಂದ ಅದರಲ್ಲೇ ತೂಗಾಡುತ್ತಿದೆ. ನಿಮ್ಮ ಆಟದ ಆ್ಯಪಿನಲ್ಲಿ ಸಿಕ್ಕಿತು ಅಂತ ಬರೆದರೆ, ನಾವಿಬ್ಬರೂ ಮಾತು ಬಿಟ್ಟಿದ್ದ ಆ ಜಗಳದಲ್ಲಿ ನಾನೇ ಸೋತಂತೆ ಅಂದುಕೊಂಡಿದ್ದೆ.

ಅವರು ಹೋದ ಮೇಲೆ, ಈಗಷ್ಟೇ, ಬಿಲ್ಲೆಯ ನಂಬರ್ ಹಾಕಿ ಆ್ಯಪಿನಲ್ಲಿ "ಸಿಕ್ಕಿದೆ" ಅಂತ ಬರೆದೆ. ತಕ್ಷಣ ಉತ್ತರ ಬಂತು:

"ಧನ್ಯವಾದ. ಮಾಲೀಕರಿಗೆ ತಿಳಿಸಲಾಗಿದೆ."