ಒನುಫ್ರಿಯ ಹೆಸರಿಗೆ ಎದ್ದ ಕೈ

ಬ್ಯೆಲ್ಸ್ಕ್, 9 ಜುಲೈ 2019

ಪ್ರೀತಿಯ ಅಣ್ಣ ಜೆನೋನ್,

1971ರ ಜನವರಿ ಏಳರಂದು, ಆರ್ಥಡಾಕ್ಸರ ಕ್ರಿಸ್ಮಸ್ಸಿನ ಬೆಳಿಗ್ಗೆ, ಕೆಳಬೀದಿಯವರೆಲ್ಲ ಜಾರುಬಂಡಿ ಕಟ್ಟಿಕೊಂಡು ದೂರದ ಚರ್ಚಿಗೆ ಹೋಗಿದ್ದ ಹೊತ್ತಿನಲ್ಲಿ, ನಮ್ಮೂರು ದುಬ್ನೋವ್ಕಾದ ಅಗ್ನಿಶಾಮಕದ ಶೆಡ್ಡಿನಲ್ಲಿ ಜಮೀನು ಮರುಹಂಚಿಕೆಯ ಸಭೆ ನಡೆಯಿತು. ಜಿಲ್ಲೆಯಿಂದ ಬಂದ ಸರ್ವೇಯರ್ ಕೆಳಬೀದಿಯ ಪ್ರತಿನಿಧಿ ಒನುಫ್ರಿಯ ಹೆಸರು ಕರೆದ. ನಮ್ಮ ಅಪ್ಪ ಹಿಪೋಲಿತ್ ಕೈ ಎತ್ತಿ "ಒಪ್ಪಿಗೆ" ಎಂದ. ಅಪ್ಪನ ಮಗ್ಗುಲಲ್ಲಿ ನೀನು ಕೂತಿದ್ದೆ. ನಾರೆವ್ ನದಿಯ ದಂಡೆಯ ಹುಲ್ಲುಗಾವಲು ಆ ಒಂದು ಮಾತಿನಲ್ಲಿ ಆರ್ಥಡಾಕ್ಸರ ಕೆಳಬೀದಿಯಿಂದ ಕ್ಯಾಥೊಲಿಕರ ಮೇಲುಬೀದಿಗೆ, ಅಂದರೆ ಅವರಿಂದ ನಮಗೆ ಬಂತು.

ಪತ್ರದ ಮೊದಲಿಗೆ ನಿನ್ನ ಮಂಡಿನೋವು ಹೇಗಿದೆ, ಅತ್ತಿಗೆ ಈ ಸಲ ಸೌತೆಕಾಯಿ ಉಪ್ಪಿಗೆ ಹಾಕಿದಳೋ ಇಲ್ಲವೋ ಎಂದು ಕೇಳಬೇಕಿತ್ತು. ಕೇಳಲು ಮನಸ್ಸಾಗಲಿಲ್ಲ. ನೀನು ಊರಿನ ಉತ್ಸವಕ್ಕೆಂದು ಬರೆದ ಪುಸ್ತಿಕೆಯ ಕರಡನ್ನು ಕಳುಹಿಸಿ, "ನೀನು ಜೀವಮಾನವೆಲ್ಲ ಗ್ರಂಥಾಲಯದಲ್ಲಿ ಕಳೆದವಳು, ಕಾಗುಣಿತ ತಿದ್ದಿಕೊಡು" ಎಂದಿದ್ದೆ. ಕಾಗುಣಿತ ತಿದ್ದಿದ್ದೇನೆ. ಆದರೆ "ಎರಡೂ ಬೀದಿಯವರ ಒಮ್ಮತದಿಂದ, ಒನುಫ್ರಿಯಂಥ ದೂರದೃಷ್ಟಿಯವರ ಸಹಕಾರದಿಂದ ಜಮೀನು ಹಂಚಿಕೆಯಾಯಿತು" ಎಂಬ ಸಾಲಿನ ಮುಂದೆ ನನ್ನ ಪೆನ್ಸಿಲ್ಲು ನಿಂತುಬಿಟ್ಟಿತು. ಆ ಸಾಲಿನಲ್ಲಿ ಕಾಗುಣಿತದ ತಪ್ಪು ಒಂದೂ ಇಲ್ಲ.

ನಮ್ಮೂರಿನ ಹಬ್ಬದ ಪಾಳಿಯ ಬಗ್ಗೆಯೂ ನೀನು ಒಂದು ಪುಟ ಬರೆದಿದ್ದೀಯ. ಚೆನ್ನಾಗಿದೆ. ಡಿಸೆಂಬರಿನಲ್ಲಿ ನಮ್ಮ ಕ್ರಿಸ್ಮಸ್ ಬಂದಾಗ ಅವರು ಬಂದು ನಮ್ಮ ಹಸು ಕರೆಯುವುದು, ಒಲೆಗೆ ಸೌದೆ ಒಟ್ಟುವುದು, ಹಂದಿಗೆ ಬೇಯಿಸಿದ ಆಲೂಗಡ್ಡೆ ಹಾಕುವುದು. ಜನವರಿಯಲ್ಲಿ ಅವರ ಕ್ರಿಸ್ಮಸ್ಸಿಗೆ ನಾವು ಹೋಗಿ ಅದನ್ನೇ ಮಾಡುವುದು. ಬೇರೆ ಊರುಗಳಲ್ಲಿ ಎರಡು ಪಂಚಾಂಗದ ಜನ ಬಡಿದಾಡಿಕೊಳ್ಳುತ್ತಿದ್ದಾಗ ನಮ್ಮೂರಿನಲ್ಲಿ ತಂತಮ್ಮ ಹಬ್ಬದ ದಿನ ಯಾರೂ ಬಕೆಟ್ಟು ಮುಟ್ಟುತ್ತಿರಲಿಲ್ಲ ಎಂದು ಬರೆದಿದ್ದೀಯ. ನಿಜ. ಆದರೆ ಅಪ್ಪನಿಗೆ ಕೈ ಎತ್ತಲು ಧೈರ್ಯ ಬಂದದ್ದು ಆ ಪಾಳಿಯಿಂದಲೇ ಅಲ್ಲವೆ? "ಹಸು ಕರೆಯೋದನ್ನೇ ನಮಗೆ ಒಪ್ಪಿಸಿ ಹೋಗಿದಾರೆ. ಅವರ ಪರವಾಗಿ ಒಂದು ಒಪ್ಪಿಗೆ ಹೇಳಿದ್ರೆ ಆಕಾಶ ಬೀಳುತ್ತಾ?" ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ. ಏಳನೆಯ ತಾರೀಕು ಸರ್ಕಾರಕ್ಕೆ ರಜೆಯಲ್ಲ, ಮಾಮೂಲಿ ಗುರುವಾರ. ಅವತ್ತು ಸಭೆ ಇಟ್ಟರೆ ತೊಂದರೆಯೇನಾದರೂ ಉಂಟೇ ಎಂದು ಜಿಲ್ಲೆಯವರು ಕೇಳಿದಾಗ, ಏನೂ ಇಲ್ಲ ಎಂದವರು ಮೇಲುಬೀದಿಯವರು. ಸರ್ವೇಯರಿಗೆ ನಮ್ಮ ಮುಖಗಳ ಪರಿಚಯವಿರಲಿಲ್ಲ. ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬೇಕೆಂಬ ಅವಸರ ಮಾತ್ರ ಇತ್ತು.

ಇದು ನನಗೆ ಹೇಗೆ ಗೊತ್ತು ಎಂದರೆ, ಗುಟ್ಟಾಗಿ ಅಲ್ಲ. ಇದು ನಮ್ಮ ಮನೆಯ ತಮಾಷೆಯಾಗಿತ್ತು. ಅಪ್ಪನ ಹೆಸರಿನ ಸಂತನ ದಿನದ ಹೆಸರಹಬ್ಬಕ್ಕೆ ಪ್ರತಿ ವರ್ಷ ಚೆಸ್ವಾವ್ ಮಾವ ಎರಡನೆಯ ಗ್ಲಾಸು ಮುಗಿಸಿ ಎದ್ದು ನಿಲ್ಲುತ್ತಿದ್ದ. "ದೇವರು ಎಲ್ಲರಿಗೂ ಎರಡು ಕೈ ಕೊಟ್ಟ. ನಮ್ಮ ಹಿಪೋಲಿತನಿಗೆ ಮೂರು ಕಣ್ರೋ! ಒಂದು ಶಿಲುಬೆ ಗುರುತು ಹಾಕೋಕೆ, ಒಂದು ಗ್ಲಾಸು ಹಿಡಿಯೋಕೆ, ಇನ್ನೊಂದು ಒನುಫ್ರಿಯದ್ದು!" ಮೇಜೆಲ್ಲ ಅಲ್ಲಾಡುವಂತೆ ನಗು. ನೀನೂ ನಕ್ಕೆ, ನಾನೂ ನಕ್ಕೆ. ರಜೆಗೆ ಊರಿಗೆ ಬಂದಾಗ ನಾನೇ ಕೆಣಕಿದ್ದೂ ಉಂಟು: "ಮಾವ, ಅಪ್ಪನ ಮೂರನೇ ಕೈ ಕಥೆ ಹೇಳು." ಆಗ ನಾನು ವಿಶ್ವವಿದ್ಯಾಲಯದಲ್ಲಿ ರೈತರ ಇತಿಹಾಸ ಓದುತ್ತಿದ್ದೆ. ಜಮೀನ್ದಾರರು ಹಳ್ಳಿಯವರಿಂದ ಹುಲ್ಲುಗಾವಲು ಕಸಿದದ್ದರ ಬಗ್ಗೆ ಮುಷ್ಟಿ ಬಿಗಿದು ಪ್ರಬಂಧ ಬರೆಯುತ್ತಿದ್ದೆ. ನನ್ನ ಹಾಸ್ಟೆಲ್ಲಿಗೆ ಮನೆಯಿಂದ ಬರುತ್ತಿದ್ದ ಬೆಣ್ಣೆ ಯಾವ ಹುಲ್ಲಿನದು ಎಂದು ಒಂದು ದಿನವೂ ಯೋಚಿಸಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಿನ್ನ ಮೇಲೆ ಸಿಟ್ಟು ಮಾಡುವುದು ಸುಲಭ, ನನ್ನ ಆ ನಗು ನೆನೆಯುವುದು ಕಷ್ಟ.

ಕೆಳಬೀದಿಗೆ ಸಿಕ್ಕಿದ್ದು ಪೈನ್ ಕಾಡಿನಂಚಿನ ಮರಳು ನೆಲ. ಒಳ್ಳೆಯ ವರ್ಷದಲ್ಲೂ ಅಲ್ಲಿ ರೈ ಧಾನ್ಯ ಮೊಣಕಾಲುದ್ದ ಮಾತ್ರ ಬೆಳೆಯುತ್ತದೆ. ನದಿ ದಂಡೆಯ ಹುಲ್ಲೋ, ಬೇಸಿಗೆಯಲ್ಲಿ ಕೊಯ್ದು ಜೌಗಿನಲ್ಲೇ ಮೆದೆ ಒಟ್ಟಿ, ನೀರು ಹೆಪ್ಪುಗಟ್ಟಿದ ಮೇಲೆ ಜಾರುಬಂಡಿಯಲ್ಲಿ ಮನೆಗೆ ತರುವ ಹುಲ್ಲು. ಆ ಚಳಿಗಾಲ ಅವರು ಮೆದೆ ತರಲು ಹೋದಾಗ ನಮ್ಮವರು ಅಡ್ಡ ನಿಂತರು. ಕಚೇರಿಗೆ ಹೋಗಿ ಕೇಳಿದರೆ, ನಿಮ್ಮ ಪ್ರತಿನಿಧಿಯೇ ಒಪ್ಪಿದ್ದಾನಲ್ಲ ಎಂಬ ಉತ್ತರ. ವಸಂತದ ಹೊತ್ತಿಗೆ ಹಸುಗಳನ್ನು ಮಾರಿದರು. ನಮ್ಮ ಬೀದಿಗೆ ಹಾಲಿನ ಲಾರಿ ಬರತೊಡಗಿತು, ಇಟ್ಟಿಗೆಯ ಕೊಟ್ಟಿಗೆಗಳು ಎದ್ದವು. ಅವರ ಮಕ್ಕಳು ಒಬ್ಬೊಬ್ಬರಾಗಿ ಬಿಯಾವಿಸ್ತೋಕಿನ ಮಗ್ಗದ ಕಾರ್ಖಾನೆಗಳಿಗೆ ಹೋದರು. ನಿನ್ನ ಪುಸ್ತಿಕೆಯಲ್ಲಿ ಇದಕ್ಕೆ "ನಗರೀಕರಣದ ಸೆಳೆತ" ಎಂದು ಹೆಸರಿಟ್ಟಿದ್ದೀಯ.

ಕೆಳಬೀದಿಯವರ ಸಿಟ್ಟು ನಮ್ಮ ಕಡೆ ತಿರುಗಲಿಲ್ಲ. ತಮ್ಮವನ ಕಡೆ ತಿರುಗಿತು. ಯಾಕೆಂದರೆ ಅವತ್ತು ಚರ್ಚಿನಲ್ಲಿ ಕಾಣದಿದ್ದವನು ಇಡೀ ಬೀದಿಯಲ್ಲಿ ಒನುಫ್ರಿ ಒಬ್ಬನೇ. ಹಿಂದಿನ ದಿನದಿಂದ ಜ್ವರ. ಹೆಂಡತಿ ತೆಕ್ಲಾಳನ್ನೂ ಮಕ್ಕಳನ್ನೂ ಹಬ್ಬ ತಪ್ಪಿಸಬೇಡಿ ಎಂದು ಬಲವಂತವಾಗಿ ಕಳಿಸಿ ತಾನು ಇಟ್ಟಿಗೆಯ ದೊಡ್ಡ ಒಲೆಯ ಮೇಲಿನ ಬೆಚ್ಚನೆಯ ಹಾಸಿನಲ್ಲಿ ಮಲಗಿದ್ದ. "ಮಲಗಿದ್ದೆ ಅಂತೀಯಲ್ಲ, ಯಾರು ನೋಡಿದ್ರು?" ಎಂದು ಅವನ ಸ್ವಂತ ಷಡ್ಡಕನೇ ಕೇಳಿದನಂತೆ. "ಎಷ್ಟಕ್ಕೆ ಮಾರಿದೆ ನಮ್ಮನ್ನ? ಒಂದು ಬಾಟ್ಲಿಗೋ, ಎರಡಕ್ಕೋ?" ಅಲ್ಲಿಂದಾಚೆಗೆ ಅವನ ಮನೆಗೆ ಯಾರೂ ಹಬ್ಬದ ಕುತ್ಯಾ ಕೊಡಲಿಲ್ಲ, ಅವನ ಮನೆಯ ಗೋಧಿ-ಜೇನಿನ ಕುತ್ಯಾ ಯಾರೂ ಮುಟ್ಟಲಿಲ್ಲ. ಅವನು ಹಳೆಯ ಟ್ರ್ಯಾಕ್ಟರಿನ ಸೀಟಿನಂತೆ ಬೀದಿಯ ಕೊನೆಯಲ್ಲಿ ಮೂವತ್ತು ಮೂರು ವರ್ಷ ಒಬ್ಬನೇ ಕೂತ.

ಅವನು ಸತ್ತಾಗ ನೀನು ಅಲ್ಲಿದ್ದೆ. ಶವ ಹೊರಲು ಕೆಳಬೀದಿಯಿಂದ ಒಬ್ಬ ಗಂಡಸೂ ಬರಲಿಲ್ಲ. ಬೇಲಿಯ ಹಿಂದೆ ನಿಂತು ಸಿಗರೇಟು ಸೇದುತ್ತಿದ್ದರು. ಪಾದ್ರಿ ಕಾದು ಕಾದು ಕೊನೆಗೆ ಮೇಲುಬೀದಿಗೆ ಹೇಳಿಕಳುಹಿಸಿದ. ಕ್ಯಾಥೊಲಿಕರು ಆರ್ಥಡಾಕ್ಸನ ಪೆಟ್ಟಿಗೆ ಹೊತ್ತರು. ಮುಂದಿನ ಎಡಗಡೆಯ ಹೆಗಲು ನಿನ್ನದು. ಪಾದ್ರಿ ನಿನ್ನ ಕೈ ಹಿಡಿದು, ಇಂಥ ನೆರೆಹೊರೆ ಬೇರೆಲ್ಲೂ ಕಾಣೆ ಎಂದನಂತೆ. ನೀನು ಏನು ಉತ್ತರ ಕೊಟ್ಟೆ, ಜೆನೋನ್? ಆ ಪೆಟ್ಟಿಗೆ ಭಾರವಾಗಿತ್ತೆ? ಇದನ್ನು ನಾನು ವ್ಯಂಗ್ಯಕ್ಕೆ ಕೇಳುತ್ತಿಲ್ಲ. ನೀನು ಕಲ್ಲು ಮನಸ್ಸಿನವನಲ್ಲ ಎಂದು ನನಗೆ ಗೊತ್ತು. ಆ ರಾತ್ರಿ ನೀನು ಊಟ ಮಾಡದೆ ಮಲಗಿದೆ ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದಳು.

ಈ ಜನವರಿಯಲ್ಲಿ ನಾನು ಊರಿಗೆ ಬಂದಿದ್ದೆನಲ್ಲ, ಏಳನೆಯ ತಾರೀಕು ತೆಕ್ಲಾಳ ಮನೆಯ ಪಾಳಿಗೆ ಹೋದೆ. ಈಗ ಅವಳಿಗೆ ಹಸುವಿಲ್ಲ, ಐದಾರು ಕೋಳಿ. ಬಾಗಿಲಲ್ಲೇ ನಿಂತು, "ಬಾರೇ ಪಟ್ಟಣದವಳೇ! ಪುಸ್ತಕದ ಧೂಳು ಹೊಡೆದೂ ಹೊಡೆದೂ ಕೋಳಿಗೆ ಯಾವ ಕಡೆಯಿಂದ ಕಾಳು ಹಾಕಬೇಕು ಅಂತ ಮರೆತಿಲ್ಲ ತಾನೆ?" ಎಂದಳು. ಸೌದೆ ತಂದೆ. ಬೂದಿ ತೆಗೆದೆ. ಅವಳು ತಟ್ಟೆಯಲ್ಲಿ ಕುತ್ಯಾ ಇಟ್ಟು ಎದುರು ಕೂತಳು. ಉತ್ಸವದ ಸುದ್ದಿ ಬಂತು. ನಿನ್ನ ಭಾಷಣ, ಬ್ಯಾಂಡು, ಎರಡೂ ಬೀದಿಯವರಿಗೆ ಒಂದೇ ಪಂಕ್ತಿ. ನಾನು ತಡೆಯಲಾರದೆ ಅಪ್ಪನ ಮೂರನೆಯ ಕೈಯ ತಮಾಷೆ ಹೇಳಿಬಿಟ್ಟೆ. ಹೇಳುವಾಗಲೇ ಅದು ತಮಾಷೆಯಲ್ಲ ಎಂದು ನನ್ನ ಕಿವಿಗೇ ಕೇಳಿಸಿತು.

ತೆಕ್ಲಾ ಕುತ್ಯಾದಿಂದ ಮೇಜಿನ ಮೇಲೆ ಉದುರಿದ್ದ ಗಸಗಸೆ ಕಾಳುಗಳನ್ನು ಬೆರಳಿಗೆ ಅಂಟಿಸಿಕೊಂಡಳು. ಆಮೇಲೆ, "ಹುಲ್ಲುಗಾವಲು ಯಾರಿಗೆ ಬೇಕೇ ಈಗ? ಅಲ್ಲಿ ಬರೀ ಕೊಕ್ಕರೆ ನಿಂತಿರ್ತವೆ. ನನಗಿರೋದು ಒಂದೇ ಆಸೆ. ನನ್ನನ್ನ ನಮ್ಮ ಬೀದಿಯವರು ಹೊರಬೇಕು. ನಿಮ್ಮೋರು ಒಳ್ಳೆಯವರೇ, ಹೆಗಲೂ ಗಟ್ಟಿ. ಆದ್ರೆ ನನ್ನ ಗಂಡನ್ನ ಹೊತ್ತ ಹಾಗೆ ನನ್ನ ಹೊರಬೇಡಿ ಕಣೇ" ಎಂದಳು.

ಅವಳಿಗೆ ಎಂಬತ್ತು. ಹೃದಯಕ್ಕೆ ನೀರು ತುಂಬುತ್ತದೆಯಂತೆ, ಪಾದ ಊದಿ ಚಪ್ಪಲಿ ಹಿಡಿಯುವುದಿಲ್ಲ. ಆದ್ದರಿಂದ ಮುಂದಿನ ಆವೃತ್ತಿಯಲ್ಲಿ ತಿದ್ದೋಣ ಎಂದು ನೀನು ನನಗೆ ಬರೆಯಬೇಡ.

ನಿನ್ನ ಉತ್ತರಗಳೆಲ್ಲ ನನಗೆ ಮೊದಲೇ ಕೇಳಿಸುತ್ತಿವೆ. ಅಪ್ಪ ಸತ್ತು ಇಪ್ಪತ್ತು ವರ್ಷವಾಯಿತು, ಗೋರಿ ಕೆದಕುವುದೇಕೆ ಎನ್ನುತ್ತೀಯ. ಒನುಫ್ರಿಯ ಗೋರಿಯನ್ನು ನಾವು ಅವನು ಬದುಕಿದ್ದಾಗಲೇ ತೋಡಿದೆವು. ಆ ಕಾಲವೇ ಹಾಗಿತ್ತು, ಮೇಲಿನವರ ಒತ್ತಡ ಎನ್ನುತ್ತೀಯ. ಅಪ್ಪನ ಕೈಯನ್ನು ಹಿಡಿದು ಎತ್ತಲು ರಾಜಧಾನಿಯಿಂದ ಯಾರೂ ಬಂದಿರಲಿಲ್ಲ. ಎಲ್ಲರ ಮುಂದೆ ಮನೆ ಮರ್ಯಾದೆ ಹೋಗುತ್ತದೆ ಎನ್ನುತ್ತೀಯ. ಹೌದು, ಹೋಗುತ್ತದೆ. ನನ್ನದೂ ಹೋಗುತ್ತದೆ. ಅದಕ್ಕೆ ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತೇನೆ.

ಇನ್ನೊಂದು ಕೇಳುತ್ತೀಯ: ಒನುಫ್ರಿ ನಿಜವಾಗಿಯೂ ಮಲಗಿದ್ದನೆಂದು ನೋಡಿದವರು ಯಾರು? ಅದಕ್ಕೆ ಉತ್ತರ ನನ್ನಲ್ಲಿದೆ, ಬರೆಯಬಾರದು ಎಂದುಕೊಂಡಿದ್ದೇನೆ. ಅದು ನಿನಗೆ ಬೇಕಾಗಿಯೂ ಇಲ್ಲ. ಆ ಕೈ ಯಾರದೆಂದು ನೀನು ಕಣ್ಣಾರೆ ಕಂಡಿದ್ದೀಯ.

ಆಗಸ್ಟ್ ಮೂರರಂದು ಉತ್ಸವದ ಭಾಷಣಕ್ಕೆ ನೀನು ಎದ್ದಾಗ ಆ ಒಂದು ಸಾಲನ್ನು ಓದಬೇಡ. ಅದರ ಜಾಗದಲ್ಲಿ ನಡೆದದ್ದನ್ನು ಹೇಳು. ಪುಸ್ತಿಕೆಯ ಕರಡನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಅತ್ತಿಗೆಗೆ ನೆನಪು ಹೇಳು. ಮಂಡಿಗೆ ಬಿಸಿ ಉಪ್ಪಿನ ಕಾವು ಕೊಡುವುದನ್ನು ನಿಲ್ಲಿಸಬೇಡ.

ನಿನ್ನ ಮೇಲೆ ಮುನಿದೂ ನಿನ್ನವಳೇ ಆದ ತಂಗಿ,
ಲೆಯೊಕಾಡಿಯಾ

ಮರೆತ ಮಾತು: ಮರೆತದ್ದಲ್ಲ, ಪತ್ರ ಅಂಟಿಸಲು ಕೂತವಳು ಅಂಟಿಸಲಾರದೆ ಬರೆಯುತ್ತಿದ್ದೇನೆ. ಒನುಫ್ರಿಯನ್ನು ನೋಡಿದವಳು ಅಮ್ಮ. ಆ ವರ್ಷ ಅವರ ಮನೆಯ ಪಾಳಿ ಅಮ್ಮನದು. ಹಸು ಕರೆದು ಒಳಗೆ ಹಾಲಿಡಲು ಹೋದವಳು ಅವನ ಹಣೆಗೆ ಒದ್ದೆಬಟ್ಟೆ ಹಾಕಿ, ಒಣಗಿದ ರಾಸ್ಪ್‌ಬೆರಿಯ ಕಷಾಯ ಕುಡಿಸಿ ಬಂದಿದ್ದಳು. ಅಪ್ಪ ಶೆಡ್ಡಿನಲ್ಲಿ ಕೈ ಎತ್ತಿದ್ದು ಅದೇ ಹೊತ್ತಿಗೆ. ಒನುಫ್ರಿ ಅಮ್ಮನ ಹೆಸರೆತ್ತಿ ತನ್ನವರಿಗೆ "ಅಪೋಲೋನಿಯಾಳನ್ನ ಕೇಳಿ" ಎಂದ. ಅವರು ನಮ್ಮ ಮನೆ ಬಾಗಿಲಿಗೆ ಬಂದು ಕೇಳಿದರು. ಅಮ್ಮ, "ನಾನು ಕೊಟ್ಟಿಗೆಗೆ ಮಾತ್ರ ಹೋಗಿದ್ದೆ, ಒಳಗೆ ಇಣುಕಿ ನೋಡಲಿಲ್ಲ" ಎಂದಳು. ಅವತ್ತಿನಿಂದ ಅವನು ಅವರಿಗೆ ಮೋಸಗಾರನಷ್ಟೇ ಅಲ್ಲ, ಸುಳ್ಳುಗಾರನೂ ಆದ. ಆ ವರ್ಷ ಈಸ್ಟರಿಗೆ ಮುಂಚಿನ ಲೆಂಟಿನ ಉಪವಾಸದ ದಿನಗಳಲ್ಲಿ ಅಮ್ಮ ತೆಕ್ಲಾಳ ಮುಂದೆ ನೆಲದ ಮೇಲೆ ಕೂತು ಎಲ್ಲ ಒಪ್ಪಿಕೊಂಡು ಅತ್ತಳಂತೆ. "ಹೇಳಿದ್ರೆ ನಿಮ್ಮಪ್ಪ ಜೈಲಿಗೆ ಹೋಗ್ತಿದ್ದ, ನಿನ್ನ ಓದು ನಿಲ್ತಿತ್ತು. ಆಗ್ಲಿ ಬಿಡು ಅಂತ ನನ್ನ ಗಂಡನೇ ಅಂದ" ಎಂದು ತೆಕ್ಲಾ ನನಗೆ ಹೇಳಿದಳು. ನನ್ನ ಓದು, ಜೆನೋನ್!

ತೆಕ್ಲಾ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ: ಎಷ್ಟು ಜನರ ಮುಂದೆ ಏನೇ ಹೇಳಿದರೂ ಅಪೋಲೋನಿಯಾಳ ಹೆಸರು ಬರಬಾರದು. ನಾನು ಎದ್ದು ನಿಂತರೆ ಆ ಹೆಸರಿಲ್ಲದೆ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ನಾನು ಶೆಡ್ಡಿನಲ್ಲಿ ಇರಲಿಲ್ಲ. ಇದ್ದವರಲ್ಲಿ ಜೀವಂತ ಉಳಿದಿರುವವನು ನೀನೊಬ್ಬನೇ. ಅಮ್ಮನನ್ನು ಉಳಿಸಿ ಒನುಫ್ರಿಯನ್ನು ಬಿಡಿಸಬಲ್ಲವನೂ ನೀನೊಬ್ಬನೇ. ನನಗೆ ಕಾಗದದಲ್ಲಿ ಉತ್ತರ ಬರೆಯಬೇಡ, ಫೋನು ಮಾಡಬೇಡ. ಕೆಳಬೀದಿಯ ಗಂಡಸರೆಲ್ಲ ಎದುರಿಗೆ ಕೂತಿರುವಾಗ ಮೈಕಿನ ಮುಂದೆ ಹೇಳು: ಒನುಫ್ರಿಯ ಹೆಸರಿಗೆ ಕೈ ಎತ್ತಿದವನು ಯಾರು?