ಮೂರನೆಯ ಬಾತುಕೋಳಿ

ಬೆಹೀಜಕ್ಕಾ,

ಚಿಬಾಯಿಷ್ ಜೌಗಿನಿಂದ ನಿನ್ನ ತಂಗಿಯ ಸಲಾಂ. ಮೋಸುಲ್‌ನಲ್ಲಿ ಅಪ್ಪನ ಕಣ್ಣು ತಪ್ಪಿಸಿ ನೀನು ಹೊಳೆಯಲ್ಲಿ ಕಲಿಸಿದ ಈಜು ಮೊನ್ನೆ ಬಾತುಬೇಟೆಯಲ್ಲಿ ಕೆಲಸಕ್ಕೆ ಬಂತು. ಗುಂಡು ತಗುಲಿ ನೀರಿಗೆ ಬಿದ್ದ ಬಾತುಕೋಳಿಯನ್ನು ಜೀವ ಇರುವಾಗಲೇ ಹಿಡಿದು, ಬಿಸ್ಮಿಲ್ಲಾ ಹೇಳಿ ಕತ್ತು ಕೊಯ್ಯದಿದ್ದರೆ ಮಾವ ಅದನ್ನು ಮನೆಗೇ ಸೇರಿಸುವುದಿಲ್ಲ. ದಿನಾ ನೀರಿಗೆ ಇಳಿಯುವ ನಮ್ಮೆಜಮಾನರಿಗೆ ಜ್ವರ, ಕೋವಿ ಹಿಡಿದಿದ್ದ ಮಾವನಿಗೆ ಮಂಡಿನೋವು. "ನಾನು ಇಳೀತೀನಿ" ಅಂದೆ. "ಪೇಟೆಯವಳು ಮುಳುಗಿ ಸತ್ರೆ ಇವಳಪ್ಪನಿಗೆ ಏನು ಹೇಳೋಣ?" ಅಂತ ದೋಣಿಯ ಹುಟ್ಟು ಹಾಕುತ್ತಿದ್ದ ಅತ್ತೆ ಮೂತಿ ತಿರುವಿದರು.

ಚಾಕು ಹಲ್ಲಲ್ಲಿ ಕಚ್ಚಿಕೊಂಡು ಹಾರಿದೆ. ಎರಡು ಹಕ್ಕಿ ಜೀವಂತ ಸಿಕ್ಕವು. ಮೂರನೆಯದು ಜೊಂಡಿನ ಮರೆಯಲ್ಲಿ ಬಾಯಿ ಬಡಿದುಕೊಳ್ಳುತ್ತಿತ್ತು. ಹಿಡಿದು, ಬಿಸ್ಮಿಲ್ಲಾ ಅಂದು ಚಾಕು ಎತ್ತಿದೆ.

"ಅಯ್ಯೋ ಬಿಡೇ! ಅದು ನಮ್ಮ ಲೂಲುವಾ ಕಣೇ!" ಅತ್ತೆ ಕಿರುಚಿದರು.

ನೋಡಿದರೆ ಕಾಲಲ್ಲಿ ದಾರ! ಕಾಡುಹಕ್ಕಿಗಳನ್ನು ಕೂಗಿ ಕರೆಯಲೆಂದು ಅಲ್ಲಿ ಕಟ್ಟಿಹಾಕಿದ್ದ, ಅತ್ತೆಯ ಮುದ್ದಿನ ಬಾತು ಅದು. ಮಾವ ನಕ್ಕ ನಗುವಿಗೆ ದೋಣಿ ಮಗುಚುವುದೊಂದು ಬಾಕಿ. "ಬಿದ್ದದ್ದನ್ನ ತಾರಮ್ಮ ಅಂದ್ರೆ, ಬೀಳದೇ ಇದ್ದದ್ದನ್ನೂ ತರ್ತೀಯಲ್ಲ!"

ನೆಗಡಿಯೊಂದು ಬಿಟ್ಟರೆ ಆರಾಮ. ಉಣ್ಣೆ ಕಾಲುಚೀಲ ಕಳಿಸು. ಅತ್ತೆ ಈಗ ಪೇಟೆಯವಳು ಅನ್ನುವುದನ್ನೇ ಬಿಟ್ಟಿದ್ದಾರೆ. ಎದುರಾದ ದೋಣಿಯನ್ನೆಲ್ಲ ನಿಲ್ಲಿಸಿ "ನನ್ನ ಸೊಸೆ ಮೀನಿನ ಹಾಗೆ ಈಜ್ತಾಳೆ" ಅಂತ ಹೇಳಿಕೊಳ್ಳುತ್ತಾರೆ. ಹಾಗೆ ಹೇಳುವಾಗಲೂ ಲೂಲುವಾಳನ್ನು ಮಾತ್ರ ನನ್ನ ಕೈಗೆ ಸಿಗದ ಹಾಗೆ ಕಂಕುಳಲ್ಲಿ ಅವುಚಿಕೊಂಡೇ ಇರುತ್ತಾರೆ.

ನಿನ್ನ ನಜೀಹಾ