ಕಡ್ಡಿಗೆ ಕಟ್ಟಿದ ತುಂಡು

ನರಸಿಂಹರಾಜಪುರ
11 ನವೆಂಬರ್ 2025

ಪ್ರೀತಿಯ ಮಗಳು ಅನೀಸಾಳಿಗೆ, ನಿನ್ನ ಅಬ್ಬಾನ ಸಲಾಂ.

ಹೇಗಿದ್ದೀಯ? ಮೈಸೂರಿನ ಹಾಸ್ಟೆಲ್ ಊಟ ಒಗ್ಗಿತೇ? ತಲೆನೋವು ಕಡಿಮೆಯಾಯಿತೇ? ಇಲ್ಲಿ ನಾವು ಆರಾಮ. ನಿನ್ನ ಅಮ್ಮಿಯ ಮಂಡಿನೋವು ಮೋಡ ಮುಚ್ಚಿದ ದಿನ ಮಾತ್ರ ಬರುತ್ತದೆ, ಬಂದ ದಿನ ಮನೆಯವರಿಗೆಲ್ಲ ಬರುತ್ತದೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನ್ ಮಾಡಿದರೆ ಎರಡೇ ಮಾತಿಗೆ "ಲ್ಯಾಬಲ್ಲಿದೀನಿ ಅಬ್ಬಾ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಆ ಆಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲ.

ಹೋದ ವಾರ ನೀನು ಅಮ್ಮಿಯ ಹತ್ತಿರ ಅತ್ತದ್ದು ನನಗೆ ಗೊತ್ತು, ಅವಳು ಸ್ಪೀಕರ್ ಹಾಕಿದ್ದಳು. ಕೂದಲಷ್ಟು ತೆಳ್ಳಗಿನ ಸ್ನಾಯುವಿನ ಎಳೆಯನ್ನು ಎರಡು ಕೊಕ್ಕೆಗೆ ಸಿಕ್ಕಿಸಿ, ಅದು ಎಷ್ಟು ಬಲದಿಂದ ಎಳೆಯುತ್ತದೆ ಎಂದು ಯಂತ್ರದಲ್ಲಿ ಅಳೆಯುವುದು ನಿನ್ನ ಕೆಲಸ. ಆದರೆ ನೀನು ತಂದ ಮಾಂಸವೆಲ್ಲ ಮುದುಡಿ ಗಟ್ಟಿಯಾಗುತ್ತದೆ, ಎಳೆ ಕೊಕ್ಕೆ ಸೇರುವ ಮೊದಲೇ ಹರಿಯುತ್ತದೆ. ತಿಂಗಳ ಕೊನೆಯೊಳಗೆ ಒಂದಾದರೂ ಸರಿಯಾದ ಅಳತೆ ಸಿಗದಿದ್ದರೆ ನಿಮ್ಮ ಲ್ಯಾಬಿನ ಮೇಡಂ ನಿನ್ನನ್ನು ಬ್ಯಾಕ್ಟೀರಿಯಾದ ಮೇಜಿಗೆ ಕಳಿಸುತ್ತಾರಂತೆ. ಅಲ್ಲಿ ಕೆಲಸ ಮಾಡುವ ನಿನ್ನ ಗೆಳತಿ ಜ್ಯೋತ್ಸ್ನಾಳ ಮೇಲಾಗಲಿ ಅವಳ ಕ್ರಿಮಿಗಳ ಮೇಲಾಗಲಿ ನನಗೆ ಸಿಟ್ಟಿಲ್ಲ. ಒಂದು ಜಾತಿಯ ಕ್ರಿಮಿ ತನ್ನ ಸುತ್ತ ಇನ್ನೊಂದನ್ನು ಬೆಳೆಯಲು ಬಿಡುವುದಿಲ್ಲವಂತೆ, ನಮ್ಮ ಬಸ್‌ಸ್ಟ್ಯಾಂಡಿನ ಆಟೋದವರ ಹಾಗೆ. ಆದರೆ ಬಾಳಗಡಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗಿನಿಂದ ನೀನು ಕನಸು ಕಂಡದ್ದು ಸ್ನಾಯುವಿನದು. ಈ ಲ್ಯಾಬಿನಲ್ಲಿ ಉಳಿದವರೆಲ್ಲ ಬ್ಯಾಕ್ಟೀರಿಯಾದವರು, ಮಾಂಸದ ವಿಷಯ ಕೇಳಲು ಯಾರೂ ಇಲ್ಲ ಎಂದೆಯಲ್ಲ, ಅದೊಂದು ನನಗೆ ಸರಿಬರಲಿಲ್ಲ. ಮೂವತ್ತೊಂದು ವರ್ಷದಿಂದ ಅಂಗಡಿಯಲ್ಲಿ ನಾನು ಇನ್ನೇನು ಕಡಿಯುತ್ತಿದ್ದೇನೆ?

ಆಡು ಕೊಯ್ದ ತಕ್ಷಣ ಬಿಸಿ ತುಂಡನ್ನು ಐಸ್ ಡಬ್ಬಿಗೆ ಹಾಕಿಕೊಂಡು ಓಡುತ್ತೇನೆ ಎಂದೆಯಲ್ಲ. ತಪ್ಪು ಅಲ್ಲೇ ಇದೆ. ಎಲುಬಿಗೆ ಅಂಟಿಕೊಂಡಿದ್ದರೆ ಮಾಂಸ ಮುದುಡಲಾರದು. ಬಿಡಿಸಿದ ಮೇಲೆ ಅದನ್ನು ಹಿಡಿದುಕೊಳ್ಳಲು ಏನಿದೆ? ಬಿಸಿ ಇಳಿಯುವ ಮೊದಲೇ ಐಸ್ ತಾಗಿದರೆ ಮುದುಡಿಯೇ ಮುದುಡುತ್ತದೆ. ನೀನು ಬಾಯಿಮಾತು ನಂಬುವವಳಲ್ಲ, ಹಾಗಾಗಿ ನಾನು ಮಾಡಿಯೇ ನೋಡಿದೆ. ಒಂದೇ ಕಾಲಿನಿಂದ ಆರಾರು ಇಂಚಿನ ಎರಡು ತುಂಡು ತೆಗೆದು, ಒಂದನ್ನು ಹಾಗೇ ಐಸಿಗೆ ಹಾಕಿದೆ. ಇನ್ನೊಂದರ ಎರಡೂ ತುದಿಯನ್ನು ಬಿದಿರು ಕಡ್ಡಿಗೆ ದಾರದಿಂದ ಕಟ್ಟಿ ಅದೇ ಐಸಿಗೆ ಹಾಕಿದೆ. ಮಧ್ಯಾಹ್ನ ಅಳೆದರೆ ಮೊದಲನೆಯದು ನಾಲ್ಕೂಕಾಲು ಇಂಚು, ಕಡ್ಡಿಯದು ಆರಕ್ಕೆ ಆರು. ಮೂರು ದಿನ, ಮೂರು ಆಡು, ಹೆಚ್ಚುಕಡಿಮೆ ಅದೇ ಅಳತೆ. ಟೇಪ್ ಕೊಟ್ಟವರು ಪಕ್ಕದ ಟೈಲರ್ ಷಡಕ್ಷರಿ. ಮಾಂಸ ಮುಟ್ಟದ ಮನುಷ್ಯ, "ಟೇಪ್ ನೀವೇ ಇಟ್ಕಳಿ ಸಾಹೇಬ್ರೆ, ವಾಪಸ್ ಕೊಡದು ಬ್ಯಾಡ" ಎಂದುಬಿಟ್ಟರು. ಮೂರನೆಯ ದಿನ ಅವರೇ ಬಾಗಿಲಿಗೆ ಬಂದು, ಇವತ್ತು ಎಷ್ಟು ಬಂತು ಎಂದು ವಿಚಾರಿಸಿದರು.

ಇನ್ನು ಮುಂದೆ ಕಡ್ಡಿಗೆ ಕಟ್ಟದೆ ಐಸ್ ತೋರಿಸಬೇಡ. ಎಳೆದು ಕಟ್ಟಬೇಡ, ಮೈಯಲ್ಲಿದ್ದಾಗ ಎಷ್ಟು ಉದ್ದವಿತ್ತೋ ಅಷ್ಟಕ್ಕೇ ಕಟ್ಟು. ಹೀಗೆ ಮಾಡಿಯೂ ಎಳೆ ಕೊಕ್ಕೆಯಲ್ಲಿ ನಿಲ್ಲದಿದ್ದರೆ ನನ್ನ ಹೆಸರು ಸುಲೈಮಾನ್ ಅಲ್ಲ. ಹತ್ತು ಕಡ್ಡಿ ಸವರಿ ಇದರ ಜೊತೆ ಇಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಲ್ಲಾಹ್ ನಿನ್ನ ಕೈಗೆ ನಿಧಾನವನ್ನೂ ಮನಸ್ಸಿಗೆ ಧೈರ್ಯವನ್ನೂ ಕೊಡಲಿ. ಅಮ್ಮಿಯ ದುಆ ಯಾವಾಗಲೂ ನಿನ್ನ ಮೇಲಿದೆ.

ನಿನ್ನ ಅಬ್ಬಾ,
ಸುಲೈಮಾನ್

ಕವರ್ ಅಂಟಿಸುವ ಮೊದಲು ಇನ್ನೊಂದು ಮಾತು. ಎಳೆ ನಿಂತ ದಿನ, ಇದನ್ನು ಯಾರು ಹೇಳಿಕೊಟ್ಟರು ಎಂದು ಮೇಡಂ ಕೇಳೇ ಕೇಳುತ್ತಾರೆ. ಸೇರುವಾಗ ಫಾರಂನಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ನೀನು 'ವ್ಯಾಪಾರ' ಎಂದಷ್ಟೇ ಬರೆದಿದ್ದೆ. ನಾನು ನೋಡಿಯೇ ಸಹಿ ಹಾಕಿದೆ. ಯಾಕೆ ಹಾಗೆ ಬರೆದೆ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ನೋವಾಗಿತ್ತು, ಸುಳ್ಳೇಕೆ ಹೇಳಲಿ. ಈ ಸಲ ಮಾಂಸದ ಅಂಗಡಿಯವರು ಎಂದೇ ಹೇಳು ಮಗಳೇ. ಕಟ್ಟುವುದನ್ನು ಮೇಡಂ ಕಣ್ಣಾರೆ ನೋಡಬೇಕೆಂದರೆ, ಸೋಮವಾರ ನನ್ನ ಅಂಗಡಿಗೆ ರಜೆ. ಕರೆದರೆ ಬರುತ್ತೇನೆ.